ಆಕಾಶದಲ್ಲಿ ಓಡುತ್ತಿರುವ ಆ ಬೆಳಕು ಯಾವುದು? ಬೆಂಗಳೂರಿನ ತಾರಸಿಯಿಂದ ಗುರುತಿಸುವ ಸಮಗ್ರ ಮಾರ್ಗದರ್ಶಿ

ಸಂಜೆ ಏಳೂವರೆ. ಒಣಗಿದ ಬಟ್ಟೆ ತರಲು ತಾರಸಿ ಹತ್ತಿದವರ ಕಣ್ಣಿಗೆ ಹೆಬ್ಬಾಳದ ಕಡೆ ಒಂದು ಬೆಳಕು ಬೀಳುತ್ತದೆ. ಸದ್ದಿಲ್ಲ, ಮಿನುಗಿಲ್ಲ, ಮೆಲ್ಲಗೆ ಸರಿಯುತ್ತಿದೆ. ಮನೆಮಂದಿ ಎಲ್ಲ ಮೇಲೆ ಬಂದ ಮೇಲೆ ಮೊದಲು ಏಳುವ ಪ್ರಶ್ನೆಗಳು ಎರಡು: ಎಷ್ಟು ಎತ್ತರದಲ್ಲಿದೆ? ಎಷ್ಟು ದೊಡ್ಡದಿದೆ? ಬರಿಗಣ್ಣಿಗೆ ಈ ಎರಡೂ ಸಿಗುವುದಿಲ್ಲ. ಕತ್ತಲ ಆಕಾಶದಲ್ಲಿ ಹೋಲಿಸಿ ನೋಡಲು ಮರವಿಲ್ಲ, ಕಂಬವಿಲ್ಲ. ನೂರು ಮೀಟರ್ ದೂರದ ಡ್ರೋನೂ ನಾನೂರು ಕಿಲೋಮೀಟರ್ ಮೇಲಿನ ಉಪಗ್ರಹವೂ ಕಣ್ಣಿಗೆ ಒಂದೇ ಚುಕ್ಕಿ. "ಐನೂರು ಅಡಿ ಮೇಲೆ, ಬಸ್ಸಿನಷ್ಟು ದೊಡ್ಡದು" ಎಂಬ ವರ್ಣನೆ ಹಿಡಿದು ಯಾರೂ ಏನನ್ನೂ ಗುರುತಿಸಲಾರರು.

ವೇಗವೂ ಅಷ್ಟೇ ಮೋಸದ್ದು. ಹತ್ತೂವರೆ ಕಿ.ಮೀ. ಎತ್ತರದಲ್ಲಿ ಗಂಟೆಗೆ 900 ಕಿ.ಮೀ. ವೇಗದಲ್ಲಿ ಸಾಗುವ ವಿಮಾನ ನೆತ್ತಿಯ ಮೇಲೆ ಸೆಕೆಂಡಿಗೆ ಸುಮಾರು 1.4 ಡಿಗ್ರಿ ಸರಿಯುತ್ತದೆ. ಸುಮಾರು 420 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.66 ಕಿ.ಮೀ. ಓಡುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸರಿಯುವುದು ಸೆಕೆಂಡಿಗೆ ಸುಮಾರು 1 ಡಿಗ್ರಿ. ವಿಮಾನಕ್ಕಿಂತ ಮೂವತ್ತು ಪಟ್ಟು ವೇಗದ ವಸ್ತು ಕಣ್ಣಿಗೆ ತುಸು ನಿಧಾನವಾಗಿ ಕಾಣುತ್ತದೆ! ಆದ್ದರಿಂದ ಎತ್ತರ, ಗಾತ್ರ, ವೇಗ ಮೂರನ್ನೂ ಬದಿಗಿಡಿ. ಹಿಡಿದುಕೊಳ್ಳಬೇಕಾದದ್ದು ಕೋನ, ಸಮಯ ಮತ್ತು ಬೆಳಕಿನ ನಡತೆ.

ಮೊದಲ ಒಂದು ನಿಮಿಷ

ಇದನ್ನು ಇದೇ ಅನುಕ್ರಮದಲ್ಲಿ ಮಾಡಿ. ಹೆಚ್ಚಿನವರು ಮೊದಲು ವಿಡಿಯೊಗೆ ಕೈಹಾಕುತ್ತಾರೆ. ಮೊಬೈಲು ಫೋಕಸ್ ಹುಡುಕುವಷ್ಟರಲ್ಲಿ ಬೇಕಾದ ಮಾಹಿತಿಯೆಲ್ಲ ಕಳೆದಿರುತ್ತದೆ.

1. ತಲೆ ಅಲುಗದಂತೆ ಗೋಡೆಗೆ ಒರಗಿ. ಒಂದು ಕಣ್ಣು ಮುಚ್ಚಿ, ಬೆಳಕನ್ನು ನೀರಿನ ಟ್ಯಾಂಕಿನ ಅಂಚಿಗೋ ಡಿಶ್ ಆಂಟೆನಾದ ತುದಿಗೋ ತಾಗಿಸಿ ಹತ್ತು ಸೆಕೆಂಡ್ ನೋಡಿ. ಅಂಚಿನಿಂದ ಸರಿಯದಿದ್ದರೆ ಅದು ಓಡುತ್ತಿಲ್ಲ. ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ಅದು ಅತ್ತಿತ್ತ ತೇಲಿದಂತೆ, ಕುಪ್ಪಳಿಸಿದಂತೆ ಕಾಣುತ್ತದೆ. ಅದು ಕಣ್ಣುಗುಡ್ಡೆಯ ಸಣ್ಣ ಚಲನೆಗಳನ್ನು ಮಿದುಳು ಬೆಳಕಿನ ಲೆಕ್ಕಕ್ಕೆ ಹಾಕುವುದರ ಫಲ. ಸುತ್ತ ಮೋಡ ಓಡುತ್ತಿದ್ದರೆ ಈ ಭ್ರಮೆ ಇಮ್ಮಡಿ.

2. ಮೊಬೈಲಿನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಯಾವ ಪರದೆಯದಾದರೂ ಸರಿ. ಫೈಲಿನಲ್ಲಿ ಸಮಯ ಸೆಕೆಂಡ್ ಸಮೇತ ಉಳಿಯುತ್ತದೆ. ಬೆಳಕು ಮರೆಯಾದಾಗ ಇನ್ನೊಂದು ತೆಗೆಯಿರಿ. ಎಷ್ಟು ಹೊತ್ತು ಕಂಡಿತೆಂಬ ಲೆಕ್ಕ ತಾನಾಗಿ ಸಿಕ್ಕಿತು. ಅಂದಾಜಿನಲ್ಲಿ "ಐದು ನಿಮಿಷ" ಎಂದದ್ದು ಅಳೆದಾಗ ಒಂದೂವರೆ ನಿಮಿಷ ಇರುವುದು ಮಾಮೂಲು.

3. ದಿಕ್ಕು. ಮೊಬೈಲಿನ ದಿಕ್ಸೂಚಿಯನ್ನು ತಾರಸಿಯಲ್ಲಿ ಪೂರ್ತಿ ನಂಬಬೇಡಿ. ಕಾಂಕ್ರೀಟಿನೊಳಗಿನ ಕಬ್ಬಿಣ, ಗ್ರಿಲ್ಲು, ಮೋಟರು ಸೂಜಿಯನ್ನು ತಿರುಗಿಸಿಬಿಡುತ್ತವೆ. ಬೆಳಕು ಯಾವ ಕಟ್ಟಡದ, ಯಾವ ತೆಂಗಿನಮರದ ಮೇಲೆ ಕಂಡಿತೆಂದು ಗುರುತಿಟ್ಟುಕೊಳ್ಳಿ. ಆಮೇಲೆ ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ನಿಮ್ಮ ಮನೆಯಿಂದ ಆ ಗುರುತಿಗೆ ಗೆರೆ ಎಳೆದರೆ ದಿಕ್ಕು ಕರಾರುವಾಕ್ಕಾಗಿ ಸಿಗುತ್ತದೆ.

4. ಎತ್ತರದ ಕೋನ. ಕೈಯನ್ನು ನೇರ ಚಾಚಿದಾಗ ಮುಷ್ಟಿಯ ಅಗಲ 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ನೆತ್ತಿ ಅಂದರೆ ಒಂಬತ್ತು ಮುಷ್ಟಿ. ಮಗುವಿನ ಕೈಗೂ ಇದೇ ಅಳತೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಏಕೆಂದರೆ ಕೈ ಗಿಡ್ಡವಾದಷ್ಟೂ ಮುಷ್ಟಿಯೂ ಚಿಕ್ಕದು. ಪರೀಕ್ಷಿಸಿ ನೋಡಬೇಕಿದ್ದರೆ ಧ್ರುವ ನಕ್ಷತ್ರವಿದೆ: ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಅದು ಉತ್ತರ ದಿಗಂತದಿಂದ ಒಂದು ಮುಷ್ಟಿ, ಮೇಲೆ ಮೂರು ಕಿರುಬೆರಳು.

5. ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮಿಂಚಿತು, ಎಣಿಸಿ. ಬಣ್ಣ ಬದಲಾಯಿತೇ, ಮಿಂಚು ಒಂದೇ ಅಂತರದಲ್ಲಿತ್ತೇ ಎಂಬುದನ್ನೂ ಗಮನಿಸಿ.

6. ಕಿವಿಗೊಡಿ. ಸದ್ದು ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡ್ ಬೇಕು. ಎತ್ತರದಲ್ಲಿರುವ ವಿಮಾನದ ಸದ್ದು ಅರ್ಧ ನಿಮಿಷ ತಡವಾಗಿ, ಅದು ದಾಟಿ ಹೋದ ಜಾಗದಿಂದ ಬಂದಂತೆ ಕೇಳಿಸುತ್ತದೆ. ಹೊರವರ್ತುಲ ರಸ್ತೆಯ ಪಕ್ಕದವರಿಗೆ ಅದೂ ಕೇಳಿಸಲಿಕ್ಕಿಲ್ಲ. ಆದ್ದರಿಂದ "ಸದ್ದೇ ಇರಲಿಲ್ಲ" ಎಂಬುದನ್ನು ಬರೆದಿಟ್ಟುಕೊಳ್ಳಿ, ಆದರೆ ಅದರ ಮೇಲೆ ತೀರ್ಮಾನ ಕಟ್ಟಬೇಡಿ.

7. ಈಗ ವಿಡಿಯೊ. ಜೂಮ್ ಮಾಡಬೇಡಿ. ಚೌಕಟ್ಟಿನಲ್ಲಿ ಒಂದು ಕಟ್ಟಡದ ಅಂಚು ಇರಲೇಬೇಕು.

ಅಂಚಿನಿಂದ ಸರಿಯದ ಬೆಳಕು

ಮೊದಲ ಪರೀಕ್ಷೆಯಲ್ಲೇ ನಿಂತುಹೋದದ್ದು ಬಹುತೇಕ ಗ್ರಹ, ಇಲ್ಲವೆ ಪ್ರಖರ ನಕ್ಷತ್ರ. ಶುಕ್ರ ಅಂದರೆ ನಮ್ಮ ಬೆಳ್ಳಿಚುಕ್ಕಿ ಇದರಲ್ಲಿ ಮೊದಲ ಆರೋಪಿ. ಅದು ಸೂರ್ಯನಿಂದ 47 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದಿಲ್ಲ. ಹಾಗಾಗಿ ಸಂಜೆ ಪಶ್ಚಿಮದಲ್ಲಿ ಸೂರ್ಯಾಸ್ತದ ನಂತರ ಹೆಚ್ಚೆಂದರೆ ಮೂರು ಗಂಟೆ ಚಿಲ್ಲರೆ, ಇಲ್ಲವೆ ಬೆಳಗ್ಗೆ ಪೂರ್ವದಲ್ಲಿ ಸೂರ್ಯೋದಯಕ್ಕೆ ಮುಂಚೆ ಅಷ್ಟೇ ಹೊತ್ತು ಕಾಣುತ್ತದೆ. ನಡುರಾತ್ರಿಯ ದೊಡ್ಡ ಬೆಳಕು ಶುಕ್ರ ಅಲ್ಲ; ಗುರು ಆಗಬಹುದು.

ಇದರಲ್ಲಿ ಎಡವಿದವರು ಸಾಮಾನ್ಯರಲ್ಲ. ಲಡಾಖ್ ಗಡಿಯಲ್ಲಿ ಸೈನಿಕರು ತಿಂಗಳುಗಟ್ಟಲೆ ಗೂಢಚಾರಿ ಡ್ರೋನ್ ಎಂದು ದಾಖಲಿಸಿಕೊಂಡಿದ್ದ ಬೆಳಕುಗಳನ್ನು ಪರಿಶೀಲಿಸಲು ನಮ್ಮ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಜ್ಞರನ್ನು ಕರೆಸಬೇಕಾಯಿತು. ಅವು ಗುರು ಮತ್ತು ಶುಕ್ರ ಎಂದು ತಿಳಿದದ್ದು 2013ರಲ್ಲಿ ಸುದ್ದಿಯಾಯಿತು. ಆ ಸೈನಿಕರ ದಾಖಲೆಯಲ್ಲಿ ದಿಕ್ಕು ಮತ್ತು ಹೊತ್ತು ಇದ್ದುದರಿಂದಲೇ ಉತ್ತರ ಸಿಕ್ಕಿದ್ದು ಎಂಬುದನ್ನೂ ಮರೆಯಬಾರದು.

ನಕ್ಷತ್ರಗಳಲ್ಲಿ ಬೆಂಗಳೂರಿನವರನ್ನು ಹೆಚ್ಚು ಕಾಡುವುದು ಅಗಸ್ತ್ಯ. ಚಳಿಗಾಲದಲ್ಲಿ ದಕ್ಷಿಣಕ್ಕೆ ಕಾಣುವ ಇದು ಇಲ್ಲಿ ಎರಡೂವರೆ ಮುಷ್ಟಿಗಿಂತ ಮೇಲೇರುವುದೇ ಇಲ್ಲ. ಅಷ್ಟು ತಗ್ಗಿನಲ್ಲಿ ಬೆಳಕು ದಪ್ಪ ಗಾಳಿಯ ಪದರ ದಾಟಿ ಬರಬೇಕು. ನಗರದ ಬಿಸಿ, ಧೂಳು ಸೇರಿದರೆ ಕೆಂಪು, ಹಸಿರು, ನೀಲಿ ಚಿಮ್ಮಿ ಥೇಟ್ ಡ್ರೋನ್. ಮೂಡುವ ಹೊತ್ತಿನ ಲುಬ್ಧಕವೂ ಹೀಗೇ ಬಣ್ಣ ಕಾರುತ್ತದೆ. ಅರ್ಧ ಗಂಟೆ ಬಿಟ್ಟು ಅದೇ ಟ್ಯಾಂಕಿನ ಅಂಚಿಗೆ ತಾಗಿಸಿ ನೋಡಿ. ನಕ್ಷತ್ರ ನಿಧಾನವಾಗಿ ಪಶ್ಚಿಮಕ್ಕೆ ಸರಿದಿರುತ್ತದೆ. ಡ್ರೋನಿನ ಬ್ಯಾಟರಿ ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿದಿರುತ್ತದೆ. ಹೆಸರು ತಿಳಿಯಲು ಸ್ಟೆಲೇರಿಯಂ ಆ್ಯಪಿನಲ್ಲಿ ನಿಮ್ಮ ಜಾಗ ಮತ್ತು ಸ್ಕ್ರೀನ್‌ಶಾಟಿನ ಸಮಯ ಕೊಟ್ಟರೆ ಸಾಕು.

ವಿಮಾನ: ಮುಕ್ಕಾಲು ಪಾಲು ಉತ್ತರ ಇಲ್ಲೇ

ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು, ಬಲ ರೆಕ್ಕೆಯಲ್ಲಿ ಹಸಿರು, ಬಾಲದಲ್ಲಿ ಬಿಳಿ ದೀಪ. ಇವು ಮಿನುಗುವುದಿಲ್ಲ. ಮಿಂಚುವುದು ಘರ್ಷಣೆ ತಪ್ಪಿಸುವ ಕೆಂಪು ಮತ್ತು ಬಿಳಿ ದೀಪಗಳು, ನಿಮಿಷಕ್ಕೆ 40ರಿಂದ 100 ಸಲ. ನಿಮ್ಮ ಹತ್ತು ಸೆಕೆಂಡಿನ ಎಣಿಕೆ ಏಳರಿಂದ ಹದಿನೇಳರೊಳಗೆ, ತಾಳ ತಪ್ಪದೆ ಬಂದಿದ್ದರೆ ಮುಂದೆ ಓದಬೇಕಾಗಿಯೂ ಇಲ್ಲ.

ತೊಂದರೆ ಕೊಡುವುದು ನಮ್ಮ ಕಡೆಗೇ ಬರುವ ವಿಮಾನ. ಇಳಿಯುವಾಗ ಹಚ್ಚುವ ದೀಪ ಹತ್ತಾರು ಕಿಲೋಮೀಟರ್ ದೂರದಿಂದ ಶುಕ್ರನನ್ನೂ ಮೀರಿಸಿ ಉರಿಯುತ್ತದೆ, ಮಿಂಚುವ ದೀಪಗಳನ್ನು ನುಂಗಿಬಿಡುತ್ತದೆ. ಎದುರಿಗೇ ಬರುವುದರಿಂದ ನಿಮಿಷಗಟ್ಟಲೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆಮೇಲೆ ವಿಮಾನ ತಿರುಗಿದ ಕೂಡಲೇ ದೀಪದ ಕಿರಣ ಬೇರೆಡೆಗೆ ಹೋಗಿ "ಇದ್ದಕ್ಕಿದ್ದಂತೆ ಮಾಯ"! ಒಂದರ ಹಿಂದೆ ಒಂದು ನಾಲ್ಕೈದು ಸಾಲಾಗಿ ಬಂದರೆ ಮಾಲೆ ತೂಗಿದಂತಿರುತ್ತದೆ.

ಅದು ಯಾವ ಕಡೆ ಕಾಣುತ್ತದೆ ಎಂಬುದನ್ನು ಗಾಳಿ ಹೇಳುತ್ತದೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ಮತ್ತು ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಮುಂಗಾರಿನ ಪಡುವಣ ಗಾಳಿಯಲ್ಲಿ ಇಳಿಯುವ ಸಾಲು ಪೂರ್ವದಿಂದ, ಹೊಸಕೋಟೆಯ ಉತ್ತರದ ಕಡೆಯಿಂದ ಬರುತ್ತದೆ. ಚಳಿಗಾಲದ ಮೂಡಣ ಗಾಳಿಯಲ್ಲಿ ದೊಡ್ಡಬಳ್ಳಾಪುರದ ಕಡೆಯಿಂದ. ಗಾಳಿ ತಿರುಗಿದ ದಿನ ಇಡೀ ಸಾಲು ದಿಕ್ಕು ಬದಲಿಸುತ್ತದೆ. "ನಿನ್ನೆವರೆಗೆ ಇರಲಿಲ್ಲ, ಇವತ್ತು ಬಂದಿದೆ" ಎಂಬ ಗಾಬರಿ ಹುಟ್ಟುವುದು ಹೆಚ್ಚಾಗಿ ಅಂಥ ದಿನವೇ.

ಫ್ಲೈಟ್‌ರಾಡಾರ್24ನಂಥ ಆ್ಯಪಿನಲ್ಲಿ ಹಳೆಯ ಹಾರಾಟವನ್ನು ಮರುಓಡಿಸಿ, ನಿಮ್ಮ ಸಮಯಕ್ಕೆ ನಿಲ್ಲಿಸಿ ನೋಡಿ. ಆದರೆ ಆ್ಯಪಿನಲ್ಲಿ ಇಲ್ಲವೆಂದರೆ ವಿಮಾನವೇ ಅಲ್ಲ ಎಂದಲ್ಲ. ಯಲಹಂಕ ವಾಯುನೆಲೆಯ ಮತ್ತು ಎಚ್‌ಎಎಲ್ ನಿಲ್ದಾಣದ ಸೇನಾ ವಿಮಾನ, ಹೆಲಿಕಾಪ್ಟರ್, ಪರೀಕ್ಷಾ ಹಾರಾಟಗಳು ಅದರಲ್ಲಿ ತೋರದೇ ಇರಬಹುದು. ಬೆಸ ವರ್ಷಗಳ ಫೆಬ್ರವರಿಯಲ್ಲಿ ಏರೋ ಇಂಡಿಯಾ ನಡೆಯುವಾಗ ಉತ್ತರ ಬೆಂಗಳೂರಿನ ಆಕಾಶದಲ್ಲಿ ಏನು ಕಂಡರೂ ಮೊದಲು ಪ್ರದರ್ಶನದ ವೇಳಾಪಟ್ಟಿ ನೋಡಿ. ಜಕ್ಕೂರಿನ ಪುಟ್ಟ ವಿಮಾನಗಳು ಹಗಲಿನ ಗಿರಾಕಿಗಳು.

ಮಿಂಚದೆ ಓಡುವುದು: ಉಪಗ್ರಹ

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾಗಿ, ಮೇಲೆ ಅದಕ್ಕೆ ಇನ್ನೂ ಬಿಸಿಲಿರಬೇಕು. ಈ ಒಂದು ಮಾತಿನಿಂದ ಬೆಂಗಳೂರಿನವರಿಗೆ ಒಳ್ಳೆಯ ಜರಡಿ ಸಿಗುತ್ತದೆ. ಇಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆ ಗಿಡ್ಡ. 400 ಕಿ.ಮೀ. ಎತ್ತರದ ಉಪಗ್ರಹ ನಮ್ಮ ನೆತ್ತಿಯ ಮೇಲೆ ಬೆಳಗುವುದು ಸೂರ್ಯಾಸ್ತವಾದ ಸುಮಾರು 1 ಗಂಟೆ 25 ನಿಮಿಷದವರೆಗೆ, 550 ಕಿ.ಮೀ. ಎತ್ತರದ್ದು 1 ಗಂಟೆ 35 ನಿಮಿಷದ ಆಸುಪಾಸಿನವರೆಗೆ. ಪಶ್ಚಿಮದ ತಗ್ಗಿನಲ್ಲಿ ಇನ್ನೂ ಸ್ವಲ್ಪ ಹೊತ್ತು. ಇಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಸಂಜೆ 5:50ರ ಸುತ್ತ, ಜುಲೈ ಮೊದಲಲ್ಲಿ 6:50ರ ಸುತ್ತ. ಕೂಡಿ ನೋಡಿ: ರಾತ್ರಿ ಹನ್ನೊಂದಕ್ಕೆ ನೆತ್ತಿಯ ಮೇಲೆ ಪ್ರಖರವಾಗಿ ಓಡಿದ್ದು ಬಾಹ್ಯಾಕಾಶ ನಿಲ್ದಾಣ ಆಗಲಾರದು. ಯುರೋಪಿನವರು ಬರೆದ ಮಾರ್ಗದರ್ಶಿಗಳಲ್ಲಿ ಬೇಸಿಗೆಯ ರಾತ್ರಿಯಿಡೀ ಉಪಗ್ರಹ ಕಾಣುತ್ತದೆ ಎಂದಿರುತ್ತದೆ. ಅಲ್ಲಿಗೆ ಅದು ನಿಜ, ಇಲ್ಲಿಗೆ ಅಲ್ಲ.

ಬಾಹ್ಯಾಕಾಶ ನಿಲ್ದಾಣದ ಗುರುತು: ತುಸು ಹಳದಿ ಛಾಯೆಯ ಬಿಳಿ, ಒಂದೇ ಸಮನೆ ಬೆಳಕು, ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಓಟ, ಹೆಚ್ಚೆಂದರೆ ಆರೇಳು ನಿಮಿಷ. ಸಂಜೆಯ ಓಟದಲ್ಲಿ ಅದು ದಿಗಂತ ಮುಟ್ಟುವ ಮೊದಲೇ, ಎಷ್ಟೋ ಸಲ ನಡು ಆಕಾಶದಲ್ಲೇ, ಕೆಲವು ಸೆಕೆಂಡುಗಳಲ್ಲಿ ಕೆಂಪಾಗಿ ಮಂಕಾಗಿ ಆರಿಹೋಗುತ್ತದೆ. ಅದು ಭೂಮಿಯ ನೆರಳಿಗೆ ಹೊಕ್ಕ ಗಳಿಗೆ. "ಮೋಡವಿಲ್ಲದ ಕಡೆ ಮಾಯವಾಯಿತು" ಎಂಬ ವಿವರಣೆ ಕೇಳಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. 2025ರ ಜೂನ್–ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಇದ್ದದ್ದು ಇದೇ ನಿಲ್ದಾಣದಲ್ಲಿ.

ದಾರದಲ್ಲಿ ಪೋಣಿಸಿದ ಮಣಿಗಳಂತೆ ಇಪ್ಪತ್ತು ಮೂವತ್ತು ಚುಕ್ಕಿ ಒಂದೇ ಗೆರೆಯಲ್ಲಿ ಹೋದರೆ ಅದು ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್, ಅಂದರೆ ಇಂಟರ್ನೆಟ್ ಒದಗಿಸುವ ಉಪಗ್ರಹಗಳ ಗುಂಪು. ಮೊದಲ ಕಂತು 2019ರ ಮೇ ತಿಂಗಳಲ್ಲಿ ಹೋಯಿತು. ಉಡಾವಣೆಯ ಮೊದಲ ಕೆಲವು ದಿನ ಮಾತ್ರ ಸಾಲು ಒತ್ತಾಗಿರುತ್ತದೆ, ಆಮೇಲೆ ಒಂದೊಂದೇ ಮೇಲಕ್ಕೇರಿ ಚದುರುತ್ತವೆ. ಹೆವೆನ್ಸ್-ಅಬವ್ ತಾಣದಲ್ಲಿ ಬೆಂಗಳೂರನ್ನು ಆಯ್ದು ಆ ದಿನದ ಪಟ್ಟಿ ತೆಗೆದರೆ ಬಾಹ್ಯಾಕಾಶ ನಿಲ್ದಾಣ, ಸ್ಟಾರ್‌ಲಿಂಕ್ ಎರಡೂ ಸಿಗುತ್ತವೆ. ಎರಡು ಎಡವಟ್ಟು ಇಲ್ಲಿ ಆಗುತ್ತವೆ. ಜಾಗವನ್ನು ಆಯ್ಕೆ ಮಾಡದೆ ಬಿಟ್ಟರೆ ಪಟ್ಟಿ ಬೇರೆಲ್ಲಿಯದೋ ಆಗಿರುತ್ತದೆ. ಇನ್ನು, ಹೊಸ ಸ್ಟಾರ್‌ಲಿಂಕ್ ದಿನದಿನವೂ ಕಕ್ಷೆ ಬದಲಿಸುವುದರಿಂದ ಹಳೆಯ ಲೆಕ್ಕ ನಿಮಿಷಗಳ ಮಟ್ಟಿಗೆ ತಪ್ಪಬಹುದು. ಐದು ನಿಮಿಷ ಆಚೀಚೆ ಇದ್ದರೂ ಹಾದಿ ಒಂದೇ ಆಗಿದ್ದರೆ ಒಪ್ಪಿಕೊಳ್ಳಿ. ಕೆಲವು ಸೆಕೆಂಡಿಗೊಮ್ಮೆ ಬೆಳಗಿ ಮಂಕಾಗುವುದು ಉರುಳಾಡುತ್ತಿರುವ ಹಳೆಯ ರಾಕೆಟ್ ಹಂತ.

ಹತ್ತಿರದವು

ಡ್ರೋನ್ ನಿಲ್ಲುತ್ತದೆ, ಥಟ್ಟನೆ ತಿರುಗುತ್ತದೆ, ನೇರ ಮೇಲೇರುತ್ತದೆ. ಇದನ್ನು ವಿಮಾನವೂ ಉಪಗ್ರಹವೂ ಮಾಡಲಾರವು. ಅನುಮತಿ ಬೇಡದ ಹಸಿರು ವಲಯದಲ್ಲೂ ಅದರ ಮಿತಿ 400 ಅಡಿ, ಸುಮಾರು 120 ಮೀಟರ್. ಹತ್ತಿರವಿದ್ದರೆ ಜೇನಿನ ಗುಂಯ್‌ಗುಡುವಿಕೆ ಕೇಳುತ್ತದೆ. ವಿಮಾನ ನಿಲ್ದಾಣದ ಹಾದಿಯಲ್ಲಿ ಕಂಡರೆ ಗುರುತಿಸುವ ಆಟ ಬಿಟ್ಟು 112ಕ್ಕೆ ಕರೆ ಮಾಡಿ.

ಆಷಾಢದಲ್ಲಿ ಗಾಳಿಪಟ. ಈಗ ಅದಕ್ಕೆ ಎಲ್‌ಇಡಿ ಕಟ್ಟಿ ರಾತ್ರಿಯೂ ಬಿಡುತ್ತಾರೆ. ಒಂದೇ ಕಡೆ ಇದ್ದು ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಆಗಾಗ ಗುಟುಕು ಹೊಡೆದಂತೆ ಎಳೆಯುತ್ತದೆ. ಆ ತಿಂಗಳ ಗಾಳಿ ಪಶ್ಚಿಮದಿಂದ, ಆದ್ದರಿಂದ ಪಟ ಬಿಟ್ಟವರು ಬೆಳಕಿನ ಪಶ್ಚಿಮಕ್ಕೆ ಇರುತ್ತಾರೆ. ಒಂದೆರಡು ಬೀದಿ ಆಚೆ ತಾರಸಿಯಲ್ಲಿ ಹುಡುಕಿ.

ಕಾಗದದ ಆಕಾಶಬುಟ್ಟಿಯ ಬಣ್ಣ ದೀಪದ ಬತ್ತಿಯ ಕಿತ್ತಳೆ, ಬೆಳಕು ನಡುಗುತ್ತದೆ. ಕೆಲವು ನಿಮಿಷ ಉರಿದು ಮಂಕಾಗಿ ಇಳಿಯುತ್ತದೆ. ಇದಕ್ಕೆ ಗಾಳಿಯೇ ಸಾಕ್ಷಿ: ಗಾಳಿ ಬೀಸುವ ಕಡೆಗಲ್ಲದೆ ಅದು ಹೋಗಲಾರದು. ಊದುಬತ್ತಿ ಹಚ್ಚಿ ಹೊಗೆ ನೋಡಿದರೆ ಕಟ್ಟಡದ ಸುಳಿಗಾಳಿ ಮೋಸ ಮಾಡೀತು. ತಗ್ಗಿನ ಮೋಡಗಳ ಓಟ ನೋಡಿ. ಬೆಳಕು ಮೋಡಕ್ಕೆ ಎದುರಾಗಿ ಹೋದರೆ ಆಕಾಶಬುಟ್ಟಿ ಅಲ್ಲ. ಹುಟ್ಟುಹಬ್ಬದ ಹೊಳೆಯುವ ಬಲೂನಿಗೂ ಇದೇ ನಿಯಮ, ಹಗಲಿನಲ್ಲಿ. ಹವಾಮಾನದ ಬಲೂನುಗಳು ಜಗತ್ತಿನಾದ್ಯಂತ ಒಂದೇ ಗೊತ್ತುಪಡಿಸಿದ ಹೊತ್ತಿಗೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ಸಂಜೆ ಐದೂವರೆಯ ಸುಮಾರಿಗೆ ಏರುತ್ತವೆ. ಸುಮಾರು 30 ಕಿ.ಮೀ. ಮೇಲೆ ಒಡೆಯುತ್ತವೆ.

ಸದ್ದಿಲ್ಲದೆ ಸಾಗುವ ಮಸುಕು ಬಿಳಿ ತ್ರಿಕೋನ ಹಲವರನ್ನು ಬೆಚ್ಚಿಸಿದೆ. ಅದು ಬೆಳ್ಳಕ್ಕಿಯ ಸಾಲು, ಬೀದಿದೀಪದ ಬೆಳಕು ಹೊಟ್ಟೆಗೆ ಬಿದ್ದು ಹೊಳೆಯುತ್ತಿರುತ್ತದೆ. ತ್ರಿಕೋನದ ಗೆರೆ ಬಾಗುತ್ತಾ ಏಳುತ್ತಾ ಇದ್ದರೆ ಹಕ್ಕಿ ಎಂದೇ ತಿಳಿಯಿರಿ. ಮೋಡದ ಮೇಲೆ ಸುತ್ತುವ ದುಂಡನೆಯ ಬೆಳಕು ಯಾವುದೋ ಸಮಾರಂಭದ ದೀಪ. ಒಂದೇ ಸುತ್ತನ್ನು ಮತ್ತೆಮತ್ತೆ ತಿರುಗುತ್ತದೆ.

ಸೆಕೆಂಡುಗಳಲ್ಲಿ ಮುಗಿಯುವುದು

ಒಂದೆರಡು ಸೆಕೆಂಡ್ ಗೀರಿ ಆರಿದರೆ ಉಲ್ಕೆ. ಡಿಸೆಂಬರ್ 14ರ ಸುತ್ತಿನ ಮಿಥುನ ಉಲ್ಕಾವರ್ಷ ಬೆಂಗಳೂರಿಗೆ ಅನುಕೂಲ. ಆಗಸ್ಟಿನದು ಮೋಡದ ಪಾಲು. ಉಲ್ಕೆ ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಬರುತ್ತದೆ. ಕಕ್ಷೆಯಿಂದ ಬೀಳುವ ರಾಕೆಟ್ ತುಂಡಿನ ವೇಗ ಏಳೂವರೆ ಕಿ.ಮೀ. ಆಸುಪಾಸು, ಮೇಲಾಗಿ ಅದು ನೆಲಕ್ಕೆ ಬಹುತೇಕ ಸಮಾನಾಂತರವಾಗಿ ಬರುತ್ತದೆ. ಹಾಗಾಗಿ ಅದರ ಗುರುತು ನಿಧಾನ: ಅರ್ಧ ನಿಮಿಷ, ಒಂದು ನಿಮಿಷ ಆಕಾಶ ದಾಟುತ್ತಾ ತುಂಡುತುಂಡಾಗಿ, ಪ್ರತಿ ತುಂಡಿಗೂ ಒಂದು ಬಾಲ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದವರು ಕಂಡದ್ದು ಇದನ್ನೇ. ಚಂದ್ರಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಬಳೆಯೇ ಸಿಕ್ಕಿತು.

ಶ್ರೀಹರಿಕೋಟಾ ಬೆಂಗಳೂರಿನಿಂದ ಸುಮಾರು 300 ಕಿ.ಮೀ., ಪೂರ್ವಕ್ಕೆ ತುಸು ಈಶಾನ್ಯ. ಮುಸ್ಸಂಜೆಗೋ ನಸುಕಿಗೋ ಉಡಾವಣೆ ಇದ್ದು ಆ ಕಡೆ ದಿಗಂತ ತೆರೆದಿದ್ದರೆ, ಒಂದೆರಡು ಮುಷ್ಟಿ ಎತ್ತರದಲ್ಲಿ ಬಿಸಿಲು ತಾಗಿದ ಹೊಗೆ ಬೀಸಣಿಗೆಯಂತೆ ಹರಡುವುದು ಕಾಣಬಹುದು. ಕ್ಷಿಪಣಿಯೂ ಹೀಗೇ ಕಾಣುತ್ತದೆ. 2022ರ ಡಿಸೆಂಬರ್ 15ರ ಸಂಜೆ ಅಗ್ನಿ-5 ಪರೀಕ್ಷೆಯ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಊರೂರಲ್ಲಿ ಜನ ಬೀದಿಗೆ ಬಂದು ಆಕಾಶದ ವಿಚಿತ್ರ ಬೆಳಕು ನೋಡಿದ್ದರು.

ಕ್ಯಾಮೆರಾ ಹೇಳುವ ಸುಳ್ಳು, ಹೇಳಿಸಬಹುದಾದ ನಿಜ

ಚುಕ್ಕಿ ಬೆಳಕಿಗೆ ಜೂಮ್ ಹಾಕಿದಾಗ ಫೋಕಸ್ ತಪ್ಪಿ ಅದು ತಟ್ಟೆಯಾಗುತ್ತದೆ. ಅದರೊಳಗೆ ಉಂಗುರ, ಗೆರೆ, ಜೀವಕೋಶದಂಥ ಮಿಸುಕಾಟ ಕಾಣುತ್ತದೆ. ಅದೆಲ್ಲ ಲೆನ್ಸಿನ ರೂಪ, ವಸ್ತುವಿನದಲ್ಲ. ನಂಬಿಕೆ ಬರದಿದ್ದರೆ ದೂರದ ಬೀದಿದೀಪಕ್ಕೆ ಅದೇ ಜೂಮ್ ಹಾಕಿ ನೋಡಿ, ಅದೇ ಹಾರುವ ತಟ್ಟೆ ಮೂಡುತ್ತದೆ. ಚಿತ್ರದಲ್ಲಿ ಮಾತ್ರ ಕಂಡು ಕಣ್ಣಿಗೆ ಕಾಣದ ಬೆಳಕಿದ್ದರೆ ಚಿತ್ರದ ನಡುಬಿಂದುವಿನ ಆಚೆ ಬದಿಯಲ್ಲಿ, ಅಷ್ಟೇ ದೂರದಲ್ಲಿ ಪ್ರಖರ ದೀಪವಿದೆಯೇ ನೋಡಿ. ಇದ್ದರೆ ಅದು ಲೆನ್ಸಿನೊಳಗಿನ ಪ್ರತಿಫಲನ. ಅಪಾರ್ಟ್‌ಮೆಂಟಿನ ಗಾಜಿನ ಕಿಟಕಿಯಿಂದ ತೆಗೆದದ್ದಾದರೆ ಒಳಗಿನ ಟ್ಯೂಬ್‌ಲೈಟ್ ಆರಿಸಿ ಮತ್ತೊಮ್ಮೆ ತೆಗೆಯಿರಿ.

ನಿಜ ಹೇಳಿಸಲು: ಮೊಬೈಲಿನ ಪ್ರೊ ಮೋಡ್, ಐಎಸ್‌ಒ 400ರಿಂದ 800, ಶಟರ್ 10 ಸೆಕೆಂಡ್, ಫೋಕಸ್ ಅನಂತಕ್ಕೆ, 3 ಸೆಕೆಂಡ್ ಟೈಮರ್. ಟ್ರೈಪಾಡ್ ಇಲ್ಲದಿದ್ದರೆ ಒಂದು ಸೇರು ಅಕ್ಕಿ ತುಂಬಿದ ಬಟ್ಟೆಚೀಲದ ಮೇಲೆ ಫೋನನ್ನು ಓರೆಯಾಗಿ ಅದುಮಿಟ್ಟರೆ ಅಲುಗುವುದಿಲ್ಲ. ಚಿತ್ರ ಬಿಳಿಚಿದರೆ ಐಎಸ್‌ಒ ಇಳಿಸಿ, ಶಟರ್ ಮುಟ್ಟಬೇಡಿ. ವಿಮಾನ ಗೆರೆಯ ಮೇಲೆ ಸಮ ಅಂತರದ ಚುಕ್ಕಿ ಬಿಡುತ್ತದೆ. ಉಪಗ್ರಹದ್ದು ಗಂಟಿಲ್ಲದ ಒಂದೇ ಗೆರೆ. ಉಲ್ಕೆಯದು ಎರಡೂ ತುದಿ ಚೂಪಾಗಿ ನಡು ದಪ್ಪ, ಒಂದೇ ಚಿತ್ರದಲ್ಲಿ ಮಾತ್ರ. ಡ್ರೋನಿನದು ಸಿಕ್ಕುಗಟ್ಟಿದ ದಾರ. ಮಸೂರದ ಹತ್ತಿರ ಹಾರಿದ ಹುಳು ಮಂಜುಮಂಜಾದ, ರೆಕ್ಕೆ ಬಡಿದ ಕಡೆಯೆಲ್ಲ ಉಬ್ಬಿದ ಕಡ್ಡಿಯಾಗುತ್ತದೆ.

ಇಷ್ಟಾದರೂ ಉಳಿದರೆ

ಬರಹದಲ್ಲಿ ಇಡಿ. ಹೀಗೆ: "ಜನವರಿ 15, ರಾತ್ರಿ 11:40:20ರಿಂದ 12:10. ಬನಶಂಕರಿ. ದಕ್ಷಿಣ, ಎದುರುಮನೆ ಟ್ಯಾಂಕಿನ ಎಡ ಅಂಚು, ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ. ಕೆಂಪು, ಹಸಿರು, ಬಿಳಿ, ತಾಳವಿಲ್ಲದ ಮಿನುಗು. ಅರ್ಧ ಗಂಟೆಯಲ್ಲಿ ಬಲಕ್ಕೆ ಅರ್ಧ ಮುಷ್ಟಿ. ಸದ್ದಿಲ್ಲ." ಮೂರೂವರೆ ಸಾಲು; ಓದಿದ ಯಾವ ಹವ್ಯಾಸಿಯೂ ಅಗಸ್ತ್ಯ ಎಂದುಬಿಡುತ್ತಾನೆ. ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯಕ್ಕೆ ಕೇಳಲು ಹೋಗುವಾಗ ಇಂಥ ಟಿಪ್ಪಣಿ ಜೇಬಿನಲ್ಲಿರಲಿ. ದೊಡ್ಡ ಉಲ್ಕೆಯಾದರೆ ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ತಾಣದಲ್ಲೂ ವರದಿ ತುಂಬಬಹುದು. ಕನಿಷ್ಠ ಕೆಲವು ಕಿಲೋಮೀಟರ್ ದೂರದ ಬೇರೆ ಬಡಾವಣೆಯವರ ಟಿಪ್ಪಣಿ ಸಿಕ್ಕರೆ ಇನ್ನೂ ಲಾಭ: ಇಬ್ಬರಿಗೂ ಒಂದೇ ದಿಕ್ಕು, ಒಂದೇ ಕೋನ ಬಂದಿದ್ದರೆ ವಸ್ತು ಬಹಳ ದೂರ, ಒಬ್ಬರಿಗೆ ಉತ್ತರಕ್ಕೆ, ಇನ್ನೊಬ್ಬರಿಗೆ ದಕ್ಷಿಣಕ್ಕೆ ಕಂಡಿದ್ದರೆ ಅದು ನಿಮ್ಮಿಬ್ಬರ ನಡುವೆಯೇ ಎಲ್ಲೋ ಇತ್ತು.

ಮತ್ತೆ ಮರುದಿನ ಅದೇ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ತಾರಸಿಗೆ ಹೋಗಿ. ನಕ್ಷತ್ರವಾದರೆ ಅದೇ ಅಂಚಿಗೆ ನಾಲ್ಕು ನಿಮಿಷ ಮೊದಲು ಬಂದು ತಾಗುತ್ತದೆ. ಬಾಹ್ಯಾಕಾಶ ನಿಲ್ದಾಣ ಬಂದರೆ ಹೆಚ್ಚಾಗಿ ಮುಕ್ಕಾಲು ಗಂಟೆ ಮೊದಲು, ಬೇರೆ ಹಾದಿಯಲ್ಲಿ. ವಿಮಾನ ಅದೇ ಹೊತ್ತಿಗೆ, ಹತ್ತಿಪ್ಪತ್ತು ನಿಮಿಷ ಆಚೀಚೆ. ಗಾಳಿಪಟದ ಹುಡುಗರು ಭಾನುವಾರವೇ ಬಂದಾರು.